ಅಲುಗದ ಕಳಸ

“ಚೊಂಬು ಹಿಡಿಯೋದಕ್ಕೂ ಪಾಠ ಹೇಳಿಸ್ಕೋಬೇಕೇನಮ್ಮಾ? ಸಾಕು ಹೋಗು! ಎರಕದ ಪಂಪ್ ಬಾಡೀನ ಒಬ್ಬಳೇ ಎತ್ತಿ ಲೇತಿಗೆ ಕೂರಿಸೋ ಕೈ ಇದು. ಒಂದು ಚೊಂಬು ನೀರು, ಮೇಲೊಂದು ತೆಂಗಿನಕಾಯಿ, ಅಷ್ಟೇ ತಾನೆ? ನಿದ್ದೇಲಿ ಎಬ್ಬಿಸಿ ಕೊಟ್ರೂ ಹಿಡೀತೀನಿ. ಇಂಥ ಕಳಸಗಿತ್ತೀನ ಭದ್ರಾವತಿ ಜನ ಹಿಂದೆ ನೋಡಿರಬಾರದು, ಮುಂದೆ ನೋಡಬಾರದು, ಹಂಗೆ ಹಿಡೀತೀನಿ ನೋಡ್ತಿರು!”

ಸುಪ್ರಿಯಾ ಹೀಗೆ ಎದೆ ತಟ್ಟಿಕೊಂಡಾಗ ಅವಳ ತಾಯಿ ಶಕುಂತಲಮ್ಮ ಅಕ್ಕಿಯ ಮೊರ ಕೆಳಗಿಟ್ಟು, “ಅಲ್ವೇ, ಕಳಸದ ವಿಷಯ ಒಂದು ಮಾತು...” ಎಂದು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಮಗಳು ಬೈಕಿನ ಕಿಕ್ಕರ್ ಒದ್ದು, ಮಲವಗೊಪ್ಪದ ಓಣಿಯ ಕೋಳಿಗಳನ್ನೆಲ್ಲ ಬೇಲಿ ಹಾರಿಸಿ, ಮಾಚೇನಹಳ್ಳಿಯ ಕಡೆಗೆ ಧೂಳೆಬ್ಬಿಸಿಕೊಂಡು ಹೊರಟೇಹೋದಳು. ಭದ್ರಾವತಿಯ ಜನ ಅಂಥ ಕಳಸಗಿತ್ತಿಯನ್ನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವುದೂ ಇಲ್ಲ ಎಂಬ ಅವಳ ಮಾತು ಅಕ್ಷರಶಃ ನಿಜವಾಯಿತು. ಆದರೆ ಅವಳು ಎಣಿಸಿದ ರೀತಿಯಲ್ಲಲ್ಲ!

ಸುಪ್ರಿಯಾ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಓಡಿಸುತ್ತಾಳೆ. ಕತ್ತಿನ ಮೇಲಕ್ಕೆ ಕತ್ತರಿಸಿದ ಕೂದಲು, ತೋಳು ಮಡಚಿದ ಅಂಗಿ, ಎಣ್ಣೆ ಕುಡಿದು ಕಪ್ಪಾದ ಪ್ಯಾಂಟು. ಓಲೆ ಇರಬೇಕಾದ ಕಿವಿಯ ಮೇಲೆ ಪೆನ್ಸಿಲ್ಲು. ಹಿಂದಿನಿಂದ ನೋಡಿದವರು “ಅಣ್ಣಾ, ಸ್ವಲ್ಪ ದಾರಿ” ಎನ್ನುತ್ತಾರೆ, ಅವಳು ತಿರುಗಿದಾಗ “ಅಣ್ಣ” ಎಂಬುದನ್ನು ಅರ್ಧ ನುಂಗಿಕೊಳ್ಳುತ್ತಾರೆ. ಅವಳಿಗೆ ಗೆಳತಿಯರೆಂದರೆ ಯಾರೂ ಇಲ್ಲ. ಇರುವವರು ಮೂವರು ಗೆಳೆಯರು. ಬೆಸುಗೆ ಹಾಕುವ ಯೋಗರಾಜ್, ಫಿಟ್ಟರ್ ಶಶಿಧರ್, ತಯಾರಾದ ಮಾಲನ್ನು ಟೆಂಪೋದಲ್ಲಿ ಊರೂರಿಗೆ ಮುಟ್ಟಿಸುವ ಮುರಳಿ. ಐಟಿಐ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು ಇವತ್ತಿನವರೆಗೂ ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು ಬಂದಿದ್ದಾರೆ. ಭಾನುವಾರ ಬಂದರೆ ನಾಲ್ವರೂ ಶಿವಮೊಗ್ಗದಲ್ಲಿರುವ ಮುರಳಿಯ ಮನೆಯಲ್ಲಿ ಹಾಜರು. ಅವನ ತಾಯಿ ಲಿಂಗಮ್ಮ ಮಾಡುವ ಕಡುಬು ಮತ್ತು ಕೋಳಿಸಾರಿನ ಮುಂದೆ ಸುಪ್ರಿಯಾಳಿಗೆ ಸ್ವರ್ಗವೂ ಸಪ್ಪೆ.

ಈ ಸ್ವರ್ಗಕ್ಕೆ ಕಲ್ಲು ಬಿದ್ದದ್ದು ಮುರಳಿಗೆ ಮದುವೆ ಗೊತ್ತಾದಾಗ.

ಹುಡುಗಿ ಶೀಲಾ, ಭದ್ರಾವತಿಯವಳು. ನಗುಮುಖ, ಮೆದು ಮಾತು, ಅವಳ ಕಡೆಯಿಂದ ಏನೂ ತಕರಾರಿಲ್ಲ. ತಕರಾರು ಇದ್ದದ್ದು ಅವಳ ಅಜ್ಜಿ ಬಂಗಾರಮ್ಮನವರದು. ಆ ಮನೆಯಲ್ಲಿ ಬಂಗಾರಮ್ಮ ಒಮ್ಮೆ ಕೆಮ್ಮಿದರೆ ಮದುವೆ ಮಾತುಕತೆಗಳೇ ನಿಂತುಹೋಗುತ್ತವೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದದ್ದು ಹಾಳಾದ ಭಾನುವಾರವೇ! ಬಂಗಾರಮ್ಮ ಒಳಗೆ ಕಾಲಿಟ್ಟಾಗ ಪಡಸಾಲೆಯಲ್ಲಿ ಯಾರೋ ಮುರಳಿಯ ಕುತ್ತಿಗೆಯನ್ನು ಮೊಣಕೈಯಲ್ಲಿ ಸಿಕ್ಕಿಸಿಕೊಂಡು, ಅವನ ತಟ್ಟೆಯಿಂದ ಕೋಳಿಯ ಕಾಲು ಕಿತ್ತು ತಿನ್ನುತ್ತಿದ್ದರು.

“ಆ ಒರಟು ಹುಡುಗ ಯಾರು?” ಎಂದರು ಬಂಗಾರಮ್ಮ.

“ಹುಡುಗ ಅಲ್ಲ ಅಜ್ಜೀ, ಹುಡುಗಿ. ನನ್ನ ಫ್ರೆಂಡು ಸುಪ್ರಿಯಾ” ಎಂದ ಮುರಳಿ, ಉಸಿರು ಹಿಡಿದುಕೊಂಡು. ಉಸಿರು ಹಿಡಿಯುವುದು ಅವನಿಗೆ ಕಷ್ಟವಾಗಲಿಲ್ಲ, ಅವಳು ಕುತ್ತಿಗೆಯನ್ನು ಇನ್ನೂ ಬಿಟ್ಟಿರಲಿಲ್ಲ.

ಬಂಗಾರಮ್ಮ ಅಲ್ಲೇ ತೀರ್ಪು ಕೊಟ್ಟರು. “ಮದುವೆ ಆದ್ಮೇಲೆ ಆ ಹುಡುಗಿ ಈ ಹೊಸಲು ತುಳಿಯೋ ಹಂಗಿಲ್ಲ.”

ಶೀಲಾ ಅಜ್ಜಿಯ ಕೈ ಹಿಡಿದಳು, ಮುರಳಿ ಕಾಲು ಹಿಡಿದ. “ಅವಳು ನಂಗೆ ತಂಗಿ ಇದ್ದಂಗೆ ಅಜ್ಜೀ” ಎಂದ. ಮುದುಕಿ ಸಾಮಾನ್ಯದವರಲ್ಲ, ಕಣ್ಣು ಕಿರಿದು ಮಾಡಿದರು.

“ತಂಗಿ ಅಂತೀಯಾ? ಸರಿ. ತಂಗಿ ಆಗಿದ್ರೆ ಮದುವೇಲಿ ಕಳಸ ಹಿಡೀಲಿ, ನಾಲ್ಕು ಜನರ ಎದುರಿಗೆ. ಮನಸ್ಸಲ್ಲಿ ಬೇರೆ ಏನಾದ್ರೂ ಇಟ್ಕೊಂಡೋಳ ಕೈಯಲ್ಲಿ ಕಳಸ ನಡುಗುತ್ತೆ, ಕಾಯಿ ಉರುಳುತ್ತೆ. ನಾನು ಕಣ್ಣಾರೆ ಕಂಡಿದೀನಿ. ಉರುಳಲಿಲ್ಲ ಅಂದ್ರೆ ಬರ್ಲಿ, ಹೋಗ್ಲಿ, ಯಾರು ಬೇಡ ಅಂತಾರೆ? ಉರುಳಿತೋ, ಅವಳ ದಾರಿ ಅವಳಿಗೆ!”

ಕಳಸಗಿತ್ತಿಯ ಕೆಲಸ ಹೇಳುವುದಕ್ಕೆ ಸುಲಭ. ಮದುವಣಿಗನ ತಂಗಿಯಾದವಳು ರೇಷ್ಮೆ ಸೀರೆ ಉಟ್ಟು, ನೀರು ತುಂಬಿದ ಚೊಂಬಿನ ಬಾಯಿಗೆ ವೀಳ್ಯದೆಲೆ ಸುತ್ತ ಜೋಡಿಸಿ, ಮೇಲೆ ಜುಟ್ಟಿರುವ ತೆಂಗಿನಕಾಯಿ ಕೂರಿಸಿ, ಅಣ್ಣನ ಪಕ್ಕ ನಿಲ್ಲಬೇಕು. ಪೂಜೆ ಮಾಡಿ ಕೈಗೆ ಕೊಟ್ಟ ಮೇಲೆ ತಾಳಿ ಬೀಳುವವರೆಗೂ ಕಳಸವನ್ನು ನೆಲಕ್ಕೆ ಇಡುವಂತಿಲ್ಲ, ಬೇರೆಯವರ ಕೈಗೆ ಕೊಡುವಂತಿಲ್ಲ. ಅಷ್ಟೇ! ಸುಪ್ರಿಯಾ ತಾಯಿಯ ಮುಂದೆ ಎದೆ ತಟ್ಟಿಕೊಂಡದ್ದು ಇದಕ್ಕೇ.

ಎದೆ ತಟ್ಟಿಕೊಂಡದ್ದೇನೋ ಆಯಿತು, ಅವತ್ತು ಸಂಜೆ ಕೆಲಸ ಮುಗಿದ ಮೇಲೆ ವರ್ಕ್‌ಶಾಪಿನಲ್ಲೇ ಸಣ್ಣದೊಂದು ತಾಲೀಮು ನಡೆಯಿತು. ಕ್ಯಾಂಟೀನಿನ ಚೊಂಬು, ಅಂಗಡಿಯ ತೆಂಗಿನಕಾಯಿ, ಪ್ಯಾಂಟಿನ ಮೇಲೆ ಸೀರೆಯ ಬದಲಿಗೆ ಸುತ್ತಿಕೊಂಡ ಟಾರ್ಪಾಲು. ಸುಪ್ರಿಯಾ ಗಂಭೀರವಾಗಿ ಹೆಜ್ಜೆ ಹಾಕಿದಳು. ಟಾರ್ಪಾಲು ಕಾಲಿಗೆ ತೊಡರಿತು. ಕಾಯಿ ಉರುಳಿ ಯೋಗರಾಜನ ಹೆಬ್ಬೆರಳಿನ ಮೇಲೆ ಬಿತ್ತು.

“ಅಯ್ಯಪ್ಪಾ! ಸತ್ತೆ ಗುರೂ!”

“ಇನ್ನೊಂದ್ಸಲ” ಎಂದಳು ಸುಪ್ರಿಯಾ. ಇನ್ನೊಂದು ಸಲವೂ ಬಿತ್ತು. ಮತ್ತೊಂದು ಸಲ ಟಾರ್ಪಾಲನ್ನೂ ಬಿಚ್ಚಿ ಒಗೆದು, ಬರೀ ನಿಂತುಕೊಂಡು ಹಿಡಿದಳು. ಆಗಲೂ ಕಾಯಿ ಗಡಗಡ ಎಂದಿತು. ಚೊಂಬು ನೋಡಿದಳು, ಕೈ ನೋಡಿಕೊಂಡಳು. ಸಾವಿರ ಕಬ್ಬಿಣದ ತುಂಡುಗಳನ್ನು ಕೂದಲೆಳೆ ಹೆಚ್ಚುಕಡಿಮೆ ಆಗದಂತೆ ಕಡೆದ ಕೈ ನಡುಗುತ್ತಿತ್ತು!

ಚೊಂಬನ್ನು ಕೆಳಗಿಟ್ಟಳು. ಮೆಲ್ಲಗೆ ಕುಲುಮೆಯ ಪಕ್ಕದ ಹಲಗೆಯ ಮೇಲೆ ಕೂತು ಕೇಳಿದಳು:

“ಲೋ ಯೋಗಿ, ಒಂದು ವೇಳೆ ಮುದುಕಿ ಹೇಳಿದ್ದು ನಿಜ ಇದ್ರೆ? ನನ್ನ ಮನಸ್ಸಲ್ಲಿ ನಂಗೇ ಗೊತ್ತಿಲ್ಲದಂಗೆ ಮುರಳಿ ಮೇಲೆ ಏನಾದ್ರೂ ಇದೆಯೇನೋ?”

ಯೋಗರಾಜ ಹೆಬ್ಬೆರಳಿಗೆ ಊದುವುದನ್ನು ನಿಲ್ಲಿಸಿದ. ಶಶಿಧರ್ ಕನ್ನಡಕ ಒರೆಸಿಕೊಂಡ. ಇಬ್ಬರೂ ಅವಳ ಎದುರಿಗೆ ಡಬ್ಬ ಹಾಕಿಕೊಂಡು ನ್ಯಾಯಾಧೀಶರಂತೆ ಕೂತರು.

“ಮುರಳಿ ಊರಲ್ಲಿಲ್ಲದಿದ್ರೆ ನಿಂಗೆ ನಿದ್ದೆ ಬರುತ್ತಾ?” ಎಂದ ಶಶಿಧರ್.

“ಚೆನ್ನಾಗೇ ಬರುತ್ತೆ. ಅವನು ಇದ್ರೇ ಫೋನ್ ಮಾಡಿ ತಲೆ ತಿಂತಾನೆ.”

“ಅವನು ಊಟ ಮಾಡೋದು ನೋಡಿದ್ರೆ ಏನನ್ಸುತ್ತೆ?”

“ವಾಕರಿಕೆ! ಸಾರು ಸೊರ್ರ್ ಅಂತ ಎಳೀತಾನಲ್ಲ, ಕೆರೆಗೆ ಪಂಪ್ ಹಾಕಿದಂಗೆ.”

“ಅವನಿಗೆ ಮದುವೆ ಅಂದಾಗ ಮೊದಲು ಏನನ್ಸಿತು?”

ಸುಪ್ರಿಯಾ ಯೋಚಿಸಿದಳು. ಪ್ರಾಮಾಣಿಕವಾಗಿ ಹೇಳಿದಳು. “ಇನ್ಮೇಲೆ ಕೋಳಿಕಾಲು ಯಾರಿಗೆ ಹೋಗುತ್ತೋ ಅಂತ.”

“ಕೇಸು ವಜಾ!” ಎಂದ ಯೋಗರಾಜ. “ಮನಸ್ಸು ಕ್ಲೀನಾಗಿದೆ ಮಗಾ. ಕೈ ಮಾತ್ರ ದರಿದ್ರ.”

ಆದರೆ ಮನಸ್ಸು ಶುಚಿಯಾಗಿದೆ ಎಂದು ಬಂಗಾರಮ್ಮನವರಿಗೆ ತೋರಿಸುವುದು ಕಾಯಿಯೇ ಹೊರತು ಯೋಗರಾಜನಲ್ಲ. ಮದುವೆ ಹತ್ತಿರವಾದಂತೆಲ್ಲ ಸುಪ್ರಿಯಾ ಒಣಗಿದಳು. ಲೇತಿನ ಮುಂದೆ ನಿಂತರೆ ತಿರುಗುವ ಕಬ್ಬಿಣದಲ್ಲಿ ತೆಂಗಿನಕಾಯಿ ಕಂಡಿತು. ಕನಸಿನಲ್ಲಿ ಕಾಯಿಗಳು ಗುಡ್ಡದಿಂದ ಉರುಳುರುಳಿ ಬಂದವು, ಕೆಳಗೆ ಬಂಗಾರಮ್ಮ ಸೆರಗು ಹಾಸಿ ಕೂತಿದ್ದರು. ಭಾನುವಾರ ಲಿಂಗಮ್ಮ ಕಡುಬು ಬಡಿಸುವಾಗ, ಇದೇ ಕೊನೆಯ ಕಡುಬೇನೋ ಎಂದುಕೊಂಡು, ಬರೀ ಎಂಟು ತಿಂದು ಎದ್ದುಬಿಟ್ಟಳು.

ತಾಯಿಯನ್ನು ಕೇಳಬಹುದಿತ್ತು. ಲಿಂಗಮ್ಮನನ್ನು ಕೇಳಬಹುದಿತ್ತು. ಓಣಿಯಲ್ಲಿ ಕಳಸ ಹಿಡಿದ ಹೆಂಗಸರು ಮನೆಗೊಬ್ಬರಿದ್ದರು. ಆದರೆ ಹಾಗೆ ಎದೆ ತಟ್ಟಿಕೊಂಡವಳು ಈಗ ಹೋಗಿ “ಚೊಂಬು ಹಿಡಿಯೋದು ಹೆಂಗೆ?” ಎಂದು ಕೇಳುವುದೇ? ಅದಕ್ಕಿಂತ ಲೇತಿಗೆ ಬೆರಳು ಕೊಡುವುದು ವಾಸಿ!

ಹಾಗಾಗಿ ಕೇಳಿದ್ದು ಶಶಿಧರನನ್ನು. ಅವನು ಚೊಂಬಿನ ಬಾಯಿಯನ್ನೂ ಕಾಯಿಯ ತಳವನ್ನೂ ಅಳೆದು, ಪೆನ್ಸಿಲಿನಲ್ಲಿ ಗೀಚಿ, ದೊಡ್ಡ ರೋಗ ಕಂಡುಹಿಡಿದ ಡಾಕ್ಟರಂತೆ ತಲೆಯಾಡಿಸಿದ. “ನಿನ್ನ ಕೈದೇನೂ ತಪ್ಪಿಲ್ಲ ಸುಪ್ರಿ. ಚೊಂಬಿನ ಬಾಯಿ ದುಂಡಗೆ, ಕಾಯಿ ಓರೆಕೋರೆ. ಲೂಸ್ ಫಿಟ್. ಅಲುಗದೆ ಇನ್ನೇನು ಮಾಡುತ್ತೆ?”

“ಅದಕ್ಕೇನು ಮಾಡೋದು?”

“ಟೈಟ್ ಫಿಟ್ ಮಾಡೋದು!” ಎಂದ ಯೋಗರಾಜ. ಎರಡು ಕಬ್ಬಿಣ ಬೇರೆಬೇರೆ ಇರುವುದನ್ನು ನೋಡಿದರೆ ಅವನಿಗೆ ಸಂಕಟ. ಎಲ್ಲವನ್ನೂ ಅಂಟಿಸಬೇಕು.

ಮದುವೆಯ ದಿನ ಭದ್ರಾವತಿಯ ಛತ್ರದಲ್ಲಿ ಬೆಳಗಿನಿಂದಲೇ ವಾಲಗ ಶುರುವಾಗಿತ್ತು. ಶಕುಂತಲಮ್ಮ ಮಗಳಿಗೆ ಸೀರೆ ಉಡಿಸಿದರು. ಅದು ಉಡಿಸುವುದಲ್ಲ, ಗೂಳಿಗೆ ಮೂಗುದಾರ ಹಾಕುವ ಕೆಲಸ. ಸೊಂಟ, ಭುಜ, ನೆರಿಗೆ, ಎಲ್ಲೆಲ್ಲೂ ಪಿನ್ನು. “ಬಗ್ಗಬೇಡ, ಓಡಬೇಡ, ಕಾಲು ಅಗಲ ಹಾಕಬೇಡ, ವಿಷಲ್ ಹೊಡೀಬೇಡ” ಎಂದು ಹೇಳಿ ಕಳಿಸಿದರು. ಲಿಂಗಮ್ಮ ಕಳಸಕ್ಕೆ ಪೂಜೆ ಮಾಡಿ ಕೈಗೆ ಕೊಟ್ಟು, “ಇನ್ನು ತಾಳಿ ಬೀಳೋವರೆಗೂ ಕೆಳಗಿಡಬೇಡ ಮಗಳೇ” ಎಂದರು. ಕಾಯಿ ಆಗಲೇ ಗಡಗಡ ಎಂದಿತು.

ಸುಪ್ರಿಯಾ ಎದೆಬಡಿತ ಕೈಗೆ ಇಳಿಯದಂತೆ ಹಲ್ಲು ಕಚ್ಚಿಕೊಂಡು ಗಂಡಿನ ಕೋಣೆಗೆ ನುಗ್ಗಿದಳು. ಯೋಗರಾಜ ಬಾಗಿಲು ಹಾಕಿದ. ಜೇಬಿನಿಂದ ಅಂಟು ತೆಗೆದ. ಪೈಪು ಸೋರಿದರೆ ಮೆತ್ತುತ್ತಾರಲ್ಲ, ಅದು. ಒಂದು ಕಪ್ಪು ಉಂಡೆ, ಒಂದು ಬಿಳಿ ಉಂಡೆ. ಎರಡನ್ನೂ ಕಲಸಿ ಮೆತ್ತಿದರೆ ಕೊಂಚ ಹೊತ್ತಿನಲ್ಲಿ ಕಲ್ಲು. ಅವಳು ಚೊಂಬು ಹಿಡಿದು ನಿಂತಳು, ಅವನು ಬಾಯಿಯ ಸುತ್ತ, ಎಲೆಗಳ ಸಂದುಗೊಂದಿಗೆಲ್ಲ ಮೆತ್ತಿ ಕಾಯಿಯನ್ನು ಒತ್ತಿ ಕೂರಿಸಿದ. ಮೇಲೆ ಅರಿಸಿನ ಕುಂಕುಮ ಬಳಿದು ಅಂಟನ್ನು ಮರೆಮಾಡಿದ.

“ನೋಡು ಗುರೂ, ಇನ್ನು ಒಳಗಿನ ಗಾಳೀನೂ ಹೊರಗೆ ಬರಲ್ಲ!” ಎಂದು ಮೀಸೆ ತಿರುವಿದ.

ಹಸೆಮಣೆಯ ಮೇಲೆ ಕೂರಲು ಪೇಟ ಸುತ್ತಿಕೊಳ್ಳುತ್ತಿದ್ದ ಮುರಳಿ ಕನ್ನಡಿಯಲ್ಲೇ ಇದನ್ನು ನೋಡಿ, “ಏನ್ರೋ ಅದು?” ಎಂದ.

“ನಿನ್ನ ಭಾನುವಾರ ಉಳಿಸ್ತಾ ಇದೀವಿ. ಸುಮ್ನೆ ಕೂತ್ಕೋ” ಎಂದಳು ಸುಪ್ರಿಯಾ.

ಅಂಟು ಕಲ್ಲಾದ ಮೇಲೆ ಅವಳು ಹೊರಗೆ ಬಂದದ್ದನ್ನು ನೋಡಬೇಕಿತ್ತು! ಕಳಸ ಕಂಬದಂತೆ ನಿಂತಿತ್ತು. ಮೆಟ್ಟಿಲು ಹತ್ತಿದಳು, ಅಲುಗಲಿಲ್ಲ. ಸೀರೆ ತೊಡರಿ ಮುಗ್ಗರಿಸಿದಳು, ಅಲುಗಲಿಲ್ಲ. ಯಾರದೋ ಮಗು ಬಂದು ಮಂಡಿಗೆ ಡಿಕ್ಕಿ ಹೊಡೆಯಿತು, ಚೊಂಬು ಪಕ್ಕಕ್ಕೆ ವಾಲಿತು, ಕಾಯಿ ಮಾತ್ರ ವಾಲಿದ ಚೊಂಬಿನ ಮೇಲೆ ಹಲ್ಲಿಯಂತೆ ಕಚ್ಚಿಕೊಂಡಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ಬಂಗಾರಮ್ಮ ಮೂಗಿನ ಮೇಲೆ ಬೆರಳಿಟ್ಟರು. ಪಕ್ಕದವರಿಗೆ, “ಹುಡುಗಿ ಕೈ ಗಟ್ಟಿ ಕಣ್ರೀ” ಎಂದದ್ದು ಸುಪ್ರಿಯಾಳ ಕಿವಿಗೂ ಬಿತ್ತು. ಅವಳ ಮುಖ ಹೊಸ ಕೊಪ್ಪರಿಗೆಯಂತೆ ಬೆಳಗಿತು. ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಗುಡ್ಡ ಇಳಿಯಿತು.

ಇಳಿದ ಗುಡ್ಡ ಹಿಂದಿರುಗಿ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಕುಂತಲಮ್ಮ ಹೆಮ್ಮೆಯಿಂದ ಮಗಳ ಬಳಿ ಬಂದು ಸೆರಗು ಸರಿಮಾಡಿದರು.

“ಎಷ್ಟು ಚೆನ್ನಾಗಿ ಹಿಡ್ಕೊಂಡಿದೀಯೇ! ಇನ್ನೇನು, ಸ್ವಲ್ಪ ಹೊತ್ತು. ತಾಳಿ ಕಟ್ಟಿದ ತಕ್ಷಣ ಬಂಗಾರಮ್ಮನೋರು ಬಂದು ಕಾಯಿ ಎತ್ತಿ, ಒಳಗಿನ ನೀರನ್ನ ಗಂಡು ಹೆಣ್ಣಿನ ತಲೆಗೆ ಚಿಮುಕಿಸ್ತಾರೆ. ಅಲ್ಲಿಗೆ ನಿನ್ನ ಕೆಲಸ ಮುಗೀತು.”

“ಏನು ಎತ್ತಿ?”

“ಕಾಯಿ ಎತ್ತಿ.”

“ಯಾವ ಕಾಯಿ?”

“ಇದೇ ಕಾಯಿ ಕಣೇ! ಅವತ್ತು ಅದನ್ನೇ ಹೇಳೋಕೆ ಬಂದೆ, ನೀನೆಲ್ಲಿ ಕೇಳಿದೆ?”

ವಾಲಗ ನಿಂತುಹೋಯಿತೇನೋ ಎನ್ನಿಸಿತು ಸುಪ್ರಿಯಾಳಿಗೆ. ನಿಂತಿರಲಿಲ್ಲ, ಅವಳ ಕಿವಿ ಕಟ್ಟಿತ್ತು. ಕಣ್ಣ ಮುಂದೆ ಬಂದದ್ದೊಂದೇ ಚಿತ್ರ: ಬಂಗಾರಮ್ಮ ಕಾಯಿಗೆ ಕೈ ಹಾಕುತ್ತಾರೆ, ಎತ್ತುತ್ತಾರೆ, ಕಾಯಿಯ ಜೊತೆಗೆ ಚೊಂಬೂ ಹೊರಡುತ್ತದೆ, ಚೊಂಬು ಹಿಡಿದ ಸುಪ್ರಿಯಾಳೂ ಹೊರಡುತ್ತಾಳೆ. ಛತ್ರದಿಂದ, ಶಿವಮೊಗ್ಗದ ಆ ಮನೆಯಿಂದ, ಭಾನುವಾರಗಳಿಂದ. ಶಾಶ್ವತವಾಗಿ!

ಕೈಯಲ್ಲಿ ಸನ್ನೆ ಮಾಡೋಣವೆಂದರೆ ಎರಡೂ ಕೈ ಕಳಸಕ್ಕೆ. ಹುಬ್ಬು ಹಾರಿಸಿದಳು. ಯೋಗರಾಜ ದೂರದಿಂದಲೇ ಹುಬ್ಬು ಹಾರಿಸಿ ನಕ್ಕ. ಕಣ್ಣು ಹೊರಳಿಸಿದಳು. ಶಶಿಧರ್ ಹೆಬ್ಬೆರಳು ಎತ್ತಿ “ಸೂಪರ್” ಎಂದ. ಕೊನೆಗೆ ಕಳಸದ ಸಮೇತ ಅವರ ಬಳಿಗೇ ಬಿರಬಿರನೆ ನಡೆದಳು.

“ಬಿಚ್ರೋ ಇದನ್ನ!”

“ಏನು, ಸೀರೇನಾ?” ಎಂದು ಯೋಗರಾಜ ಹೆದರಿದ.

“ಕಾಯಿ ಕಣೋ ಹಾಳಾದವನೇ! ಮುದುಕಿ ಕಾಯಿ ಎತ್ತಿ ನೀರು ಚಿಮುಕಿಸ್ತಾರಂತೆ!”

ಮೂವರೂ ಛತ್ರದ ಹಿಂದಿನ ಓಣಿಗೆ ಓಡಿದರು. ಯೋಗರಾಜ ಕಾಯಿಯನ್ನು ಹಿಡಿದು ತಿರುಚಿದ. ಸುಪ್ರಿಯಾ ತಿರುಗಿದಳು, ಕಾಯಿ ತಿರುಗಲಿಲ್ಲ. ಬೈಕಿನಿಂದ ಸ್ಕ್ರೂಡ್ರೈವರ್ ತಂದು ಮೀಟಿದ. ಸ್ಕ್ರೂಡ್ರೈವರ್ ಬಾಗಿತು.

“ಥೂ, ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡ್ತೀಯೋ?” ಎಂದು ಸುಪ್ರಿಯಾ ಅಳುವ ದನಿಯಲ್ಲಿ ಬೈದಳು. ಅವನ ಜೀವಮಾನದಲ್ಲಿ ಅವನ ಕೆಲಸಕ್ಕೆ ಬಂದ ಮೊದಲ ಹೊಗಳಿಕೆ ಅದು.

ಶಶಿಧರ್ ಕಣ್ಣು ಮುಚ್ಚಿ ಯೋಚಿಸಿದ. “ಬಿಸಿ. ಬಿಸಿ ಕೊಟ್ರೆ ಈ ಅಂಟು ಮೆತ್ತಗಾಗುತ್ತೆ.”

“ಬಿಸಿ ಎಲ್ಲಿದೆ?”

ಮೂವರ ಮೂಗೂ ಒಟ್ಟಿಗೆ ಅಡುಗೆಮನೆಯ ಕಡೆಗೆ ತಿರುಗಿತು. ಒಗ್ಗರಣೆಯ ಘಮ ಬರುತ್ತಿತ್ತು.

ಅಡುಗೆಮನೆಯಲ್ಲಿ ದೊಡ್ಡ ಕೊಳಗದಲ್ಲಿ ಸಾಂಬಾರು ಕೊತಕೊತ ಕುದಿಯುತ್ತಿತ್ತು. ಅಡುಗೆಯ ಯಜಮಾನರು ಪೇಪರ್ ಟೌನ್ ಕಡೆಯವರು, ಸಿಟ್ಟು ಬಂದರೆ ತಮಿಳು. ರೇಷ್ಮೆ ಸೀರೆಯ ಹುಡುಗಿಯೊಬ್ಬಳು ಕಳಸ ಹಿಡಿದುಕೊಂಡು ಬಂದು ಸಾಂಬಾರಿನ ಹಬೆಯ ಮೇಲೆ ಭಕ್ತಿಯಿಂದ ಚಾಚಿದ್ದನ್ನು ನೋಡಿ ಅವರ ಕೈಯ ಸೌಟು ನಿಂತಿತು.

“ಎನ್ನಮ್ಮಾ ಇದು? ಸಾಂಬಾರಿಗೆ ಯಾಕಮ್ಮಾ ಪೂಜೆ?”

“ನಮ್ಮ ಕಡೆ ಪದ್ಧತಿ ಅಣ್ಣಾ, ಅನ್ನಪೂರ್ಣೆಗೆ ತೋರಿಸ್ಬೇಕು” ಎಂದ ಯೋಗರಾಜ, ಮುಖ ಸಣ್ಣಗೆ ಮಾಡಿಕೊಂಡು.

ಹಬೆ ಏರಿತು. ವೀಳ್ಯದೆಲೆಗಳು ಬೆಂದು ಬಸಳೆ ಸೊಪ್ಪಿನಂತೆ ಜೋತುಬಿದ್ದವು. ಚೊಂಬು ಕಾಯತೊಡಗಿತು. ಸುಪ್ರಿಯಾ ಸೆರಗಿನಲ್ಲಿ ಹಿಡಿದಳು, ಸೆರಗೂ ಕಾಯಿತು. ಅತ್ತ ವಾಲಗದವರು ರಾಗ ಬದಲಿಸಿದರು, ಯಾರೋ “ಕಳಸಗಿತ್ತಿ ಎಲ್ಲಿ? ಕಳಸಗಿತ್ತಿ ಕರೀರಿ!” ಎಂದು ಕೂಗಿದರು.

“ಇನ್ನೂ ಬಿಟ್ಟಿಲ್ವಾ?” ಎಂದಳು ಸುಪ್ರಿಯಾ. ಅವಳ ಹಣೆಯ ಬೆವರು ಸಾಂಬಾರಿಗೆ ಬೀಳದಂತೆ ಶಶಿಧರ್ ಕರವಸ್ತ್ರ ಹಿಡಿದಿದ್ದ.

“ಇನ್ನೊಂದು ಸ್ವಲ್ಪ... ಇನ್ನೊಂದು...” ಎಂದ ಯೋಗರಾಜ.

ಒಂದು ವಿಷಯ ಆ ಮೂವರು ಮಹಾನುಭಾವರಿಗೂ ಹೊಳೆದಿರಲಿಲ್ಲ. ಒಳಗಿನ ಗಾಳಿಯೂ ಹೊರಗೆ ಬಾರದಂತೆ ಬಾಯಿ ಮುಚ್ಚಿದ ಚೊಂಬಿನಲ್ಲಿ ನೀರು ಕಾದರೆ ಅದು ಕಳಸವಲ್ಲ, ಸೀಟಿ ಇಲ್ಲದ ಕುಕ್ಕರ್!

ಢಪ್ಪ್!

ಕಾಯಿ ಚೊಂಬು ಬಿಟ್ಟು ಹಾರಿತು. ಸೂರಿನ ತಗಡಿಗೆ ಬಡಿಯಿತು. ಅಲ್ಲಿಂದ ನೇರವಾಗಿ ಸಾಂಬಾರಿನ ಕೊಳಗಕ್ಕೆ ಧುಮುಕಿತು. ಅಡುಗೆಯ ಯಜಮಾನರ ಬಿಳಿ ಬನಿಯನ್ನಿನ ತುಂಬ ಬೇಳೆ, ಬದನೆಕಾಯಿ! ಅವರು ಆಡಿದ ತಮಿಳನ್ನು ಇಲ್ಲಿ ಬರೆಯುವಂತಿಲ್ಲ.

“ಅಣ್ಣಾ, ಕಾಲಿಗೆ ಬೀಳ್ತೀನಿ. ಈ ಸಾಂಬಾರು ಪಕ್ಕಕ್ಕಿಡಿ, ಯಾರಿಗೂ ಬಡಿಸ್ಬೇಡಿ. ಅಂಟಿನ ಚೂರು ಬಿದ್ದಿರುತ್ತೆ. ಮೊದಲು ಕಾಯಿ ತೆಗೀರಿ!” ಎಂದು ಸುಪ್ರಿಯಾ ಗೋಗರೆದಳು. ಸೌಟಿನಲ್ಲಿ ಕಾಯಿ ಮೇಲೆ ಬಂತು, ಹಬೆಯಾಡುತ್ತ, ಜುಟ್ಟಿನಲ್ಲಿ ಕರಿಬೇವು ಮುಡಿದುಕೊಂಡು. ಯೋಗರಾಜ ಅದನ್ನು ಪಂಚೆಯಲ್ಲಿ ಒರೆಸಿ, ಚೊಂಬಿನ ಬಾಯಿಯ ಅಂಟನ್ನು ಕೆರೆದು, ಮತ್ತೆ ಅರಿಸಿನ ಕುಂಕುಮ ಬಳಿದ. ಶಶಿಧರ್ ಅಡುಗೆಮನೆಯ ಬಾಗಿಲ ತೋರಣದಿಂದ ಮಾವಿನೆಲೆ ಕಿತ್ತು ಚೊಂಬಿಗೆ ಚುಚ್ಚಿದ. ಮೇಲೆ ಕಾಯಿ ಕೂತಿತು. ಕೂತದ್ದೇ ಗಡಗಡ ಎಂದಿತು.

“ನಡಿ ಮಗಾ! ದೇವರಿದಾನೆ!”

ಮಂಟಪದ ಮೇಲೆ ಅಂತರಪಟ ಹಿಡಿದಾಗಿತ್ತು. ಸುಪ್ರಿಯಾ ಹೋಗಿ ಮುರಳಿಯ ಪಕ್ಕ ನಿಂತಳು. ಸೆರಗಿನಲ್ಲಿ ಹಿಡಿದಿದ್ದನ್ನು ನೋಡಿ ಪುರೋಹಿತರು, “ಬರಿಗೈಯಲ್ಲಿ ಹಿಡೀಬೇಕಮ್ಮಾ” ಎಂದರು. ಬರಿಗೈಯಲ್ಲಿ ಹಿಡಿದಳು.

ಇನ್ನು ಅವಳು ಅನುಭವಿಸಿದ್ದು ಶತ್ರುವಿಗೂ ಬೇಡ. ಚೊಂಬು ಕೆಂಡ. ಅಂಗೈ ಚುರುಚುರು. ಕಾಯಿ ಸಡಿಲ. ನಡುಗಿದರೆ ಉರುಳುತ್ತದೆ, ಉರುಳಿದರೆ ಅವಳು ಕಳ್ಳಿ. ಮೊದಲ ಸಾಲಿನಿಂದ ಎದ್ದು ಬಂದ ಬಂಗಾರಮ್ಮನವರ ಕಣ್ಣು ಅವಳ ಕೈಯ ಮೇಲೇ ನೆಟ್ಟಿದೆ. ಸುಪ್ರಿಯಾ ಹಲ್ಲು ಕಚ್ಚಿದಳು, ಕಾಲ್ಬೆರಳು ಮುದುಡಿದಳು, ಗೊತ್ತಿದ್ದ ದೇವರನ್ನೆಲ್ಲ ಕರೆದಳು, ಗೊತ್ತಿಲ್ಲದ ದೇವರಿಗೂ ಅರ್ಜಿ ಹಾಕಿದಳು. ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಆದರೆ ಕೈ ಅಲುಗಲಿಲ್ಲ!

“ನೋಡಿ, ಅಣ್ಣನ ಮೇಲೆ ಎಷ್ಟು ಪ್ರೀತಿ” ಎಂದು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮುರಳಿ ಮಾತ್ರ ಮೂಗು ಅರಳಿಸಿ ಪಿಸುಗುಟ್ಟಿದ. “ಸುಪ್ರೀ, ನಿನ್ನಿಂದ ಸಾಂಬಾರು ವಾಸನೆ ಬರ್ತಿದೆ.”

“ಬೇಗ ತಾಳಿ ಕಟ್ಟೋ ಮಾರಾಯಾ!” ಎಂದಳು ಅವಳು, ಹಲ್ಲಿನ ಸಂದಿಯಿಂದ.

ಗಟ್ಟಿಮೇಳ! ಗಟ್ಟಿಮೇಳ! ತಾಳಿ ಬಿತ್ತು. ಅಕ್ಷತೆ ಸುರಿಯಿತು. ಬಂಗಾರಮ್ಮ ಮುಂದೆ ಬಂದು, ಕಾಯಿಯನ್ನು ಎರಡು ಕಣ್ಣಿಗೂ ಒತ್ತಿಕೊಳ್ಳಲು ಎತ್ತಿದರು. ಹೂವಿನಂತೆ ಹಗುರವಾಗಿ ಬಂತು. ಸುಪ್ರಿಯಾ ಇನ್ನೇನು ಉಸಿರು ಬಿಡಬೇಕು...

“ಅಬ್ಬಬ್ಬಾ!” ಬಂಗಾರಮ್ಮ ಕಾಯಿಯನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹಾರಿಸಿ, ಕೊನೆಗೆ ಸೆರಗಿಗೆ ಹಾಕಿಕೊಂಡರು. ಚೊಂಬಿನ ಬಾಯಿಂದ ಮೆಲ್ಲಗೆ ಹಬೆ ಎದ್ದಿತು. ಏನೂ ಅರಿಯದ ಪುರೋಹಿತರು ಮಂತ್ರ ಹೇಳುತ್ತಲೇ ಬಂಗಾರಮ್ಮನವರ ಬದಲಿಗೆ ತಾವೇ ಮಾವಿನೆಲೆ ಅದ್ದಿ ಮದುಮಕ್ಕಳ ಮೇಲೆ ಚಿಮುಕಿಸಿಬಿಟ್ಟರು.

“ಅಯ್ಯಯ್ಯಪ್ಪೋ!” ಎಂದು ಮುರಳಿ ಹಸೆಮಣೆಯಿಂದ ಗೇಣೆತ್ತರ ಹಾರಿದ. ಅವನ ಜೊತೆಗೆ ಸೆರಗು ಗಂಟು ಹಾಕಿಸಿಕೊಂಡಿದ್ದ ಶೀಲಾಳೂ ಅರ್ಧ ಎದ್ದಳು.

ವಾಲಗ ನಿಂತಿತು. ಈ ಸಲ ನಿಜವಾಗಿಯೂ ನಿಂತಿತು. ಬಂಗಾರಮ್ಮ ಸೆರಗಿನಲ್ಲಿದ್ದ ಕಾಯಿಯನ್ನು ಮೂಗಿನ ಹತ್ತಿರ ತಂದರು. ಒಮ್ಮೆ ಮೂಸಿದರು. ಮತ್ತೊಮ್ಮೆ ಮೂಸಿದರು.

“ಇಂಗು” ಎಂದರು.

ಇಡೀ ಛತ್ರ ಸುಪ್ರಿಯಾಳ ಕಡೆ ತಿರುಗಿತು. ಯೋಗರಾಜ ಕಂಬದ ಹಿಂದೆ ಸರಿದ. ಶಶಿಧರ್ ಯೋಗರಾಜನ ಹಿಂದೆ ಸರಿದ. ಸುಪ್ರಿಯಾಳಿಗೆ ಇನ್ನು ತಡೆಯಲಾಗಲಿಲ್ಲ, ಒಂದೇ ಉಸಿರಿನಲ್ಲಿ ಕಕ್ಕಿಬಿಟ್ಟಳು:

“ತಪ್ಪಾಯ್ತು ಅಜ್ಜೀ! ಕಾಯಿ ಉರುಳಿದ್ರೆ ನೀವು ಮನೆಗೆ ಸೇರ್ಸಲ್ಲ ಅಂತ ಹೆದ್ರಿ ಪೈಪಿನ ಅಂಟು ಹಾಕಿಸ್ದೆ, ಆಮೇಲೆ ನೀವು ಕಾಯಿ ಎತ್ತುತೀರಿ ಅಂತ ಗೊತ್ತಾಯ್ತು, ಬಿಸಿಗೆ ಬಿಡುತ್ತೆ ಅಂತ ಹಬೆಗೆ ಹಿಡಿದ್ವಿ, ಅದು ಢಪ್ ಅಂತ ಹಾರಿ ಸಾಂಬಾರಿಗೆ ಬಿತ್ತು, ಆ ಸಾಂಬಾರು ಯಾರಿಗೂ ಬಡಿಸಲ್ಲ, ಆದ್ರೆ ಮನಸ್ಸಲ್ಲಿ ಏನೂ ಇಲ್ಲ ಅಜ್ಜೀ, ನಾವು ವಿಚಾರಣೆ ಮಾಡಿ ನೋಡಿದೀವಿ, ಇವನು ಸೊರ್ರ್ ಅಂತ ಉಣ್ತಾನೆ, ಇವನನ್ನ ಯಾರು ಕಟ್ಕೋತಾರೆ?”

ಕಟ್ಟಿಕೊಂಡವಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಶಕುಂತಲಮ್ಮ ಹಣೆ ಚಚ್ಚಿಕೊಂಡರು. ಬಂಗಾರಮ್ಮ ಸುಪ್ರಿಯಾಳ ಕೈಯಿಂದ ಚೊಂಬು ತೆಗೆದು ಲಿಂಗಮ್ಮನಿಗೆ ಕೊಟ್ಟರು. ಅವಳ ಎರಡೂ ಅಂಗೈ ಬಿಡಿಸಿ ನೋಡಿದರು. ಬೀಟ್ರೂಟಿನಂತೆ ಕೆಂಪಾಗಿದ್ದವು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು. ಇಡೀ ಛತ್ರ ಉಸಿರು ಬಿಗಿಹಿಡಿಯಿತು. ಸುಪ್ರಿಯಾ ಕಣ್ಣು ಮುಚ್ಚಿಕೊಂಡಳು.

“ಶೀಲಾ, ಇಷ್ಟು ದಿನ ನಂಗೆ ಎದೇಲಿ ಒಂದು ಭಯ ಇತ್ತು ಕಣೇ. ಈ ಹುಡುಗಿ ನಿನ್ನ ಗಂಡನ್ನ ಎಲ್ಲಿ ಹಾರಿಸ್ಕೊಂಡು ಹೋಗ್ತಾಳೋ ಅಂತ. ಇವತ್ತು ನಿಶ್ಚಿಂತೆ ಆಯ್ತು. ಒಂದು ತೆಂಗಿನಕಾಯಿ ಕೈಯಲ್ಲಿ ಉಳಿಸ್ಕೊಳ್ಳೋಕೆ ಇವಳಿಗೆ ಅಂಟು ಬೇಕಾಯ್ತು, ಇಬ್ರು ಗಂಡಸ್ರು ಬೇಕಾಯ್ತು, ಕೊಳಗ ಸಾಂಬಾರು ಬೇಕಾಯ್ತು. ಆದ್ರೂ ಹಾರಿ ಹೋಯ್ತು! ಇವಳು ಗಂಡಸನ್ನ ಹಿಡಿದು ಇಟ್ಕೊಳ್ತಾಳಾ? ಬರ್ಲಿ ಬಿಡು. ಭಾನುವಾರ ಯಾಕೆ, ದಿನಾ ಬರ್ಲಿ!”

ಛತ್ರ ಹೋ ಎಂದು ನಕ್ಕಿತು. ಮುರಳಿ ಕುಣಿದ, ಯೋಗರಾಜ ಕಂಬದ ಹಿಂದಿನಿಂದ ಹೊರಬಂದು ಶಶಿಧರನನ್ನು ತಬ್ಬಿಕೊಂಡ. ಸುಪ್ರಿಯಾಳೂ ಕಣ್ಣು ತೆರೆದು ನಕ್ಕಳು. ನಗುತ್ತಾ ನಗುತ್ತಾ ಅಜ್ಜಿ ಹೇಳಿದ್ದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡಳು. ನಗು ಮೆಲ್ಲಗೆ ಇಳಿಯಿತು. ಹುಬ್ಬು ಗಂಟಾಯಿತು. ಸೊಂಟಕ್ಕೆ ಕೈ ಹೋಯಿತು.

“ಹಂಗಂದ್ರೆ ಏನಜ್ಜೀ ಅರ್ಥ? ನಾನು ಮನಸ್ಸು ಮಾಡಿದ್ರೆ...”

“ಸುಪ್ರೀ!” ಎಂದು ಮುರಳಿ, ಯೋಗರಾಜ, ಶಶಿಧರ್ ಮೂವರೂ ಒಟ್ಟಿಗೆ ಚೀರಿದರು. ಅಷ್ಟರಲ್ಲಿ ಶಕುಂತಲಮ್ಮ ಪಕ್ಕದ ತಟ್ಟೆಯಲ್ಲಿದ್ದ ಲಾಡುವನ್ನು ಇಡಿಯಾಗಿ ಮಗಳ ಬಾಯಿಗೆ ತುರುಕಿಬಿಟ್ಟಿದ್ದರು.